ಹಲಗೆಗೆ ಒಗ್ಗದ ಜೊತೆ

ನಾನು ಒಂದು ಜೊತೆ ಶೂ. ಎಡ, ಬಲ ಎಂದು ಎರಡಿದ್ದರೂ ನನ್ನನ್ನು ನಾನು 'ನಾವು' ಎಂದು ಕರೆದುಕೊಂಡಿಲ್ಲ. ಒಂದು ಕಳೆದುಹೋದರೆ ಇನ್ನೊಂದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಹಾಗಿರುವಾಗ ಬಹುವಚನ ಯಾತಕ್ಕೆ. ಬಣ್ಣ ಬೂದು, ಪಕ್ಕದಲ್ಲಿ ನೇರಳೆ ಗೆರೆ, ನಂಬರ್ ಏಳು. ನನ್ನ ಬದುಕಿನಲ್ಲಿ ನಡೆದ ಮುಖ್ಯ ಸಂಗತಿಗೆ ಅರ್ಧ ಕಾರಣ ಈ ಏಳು. ಉಳಿದರ್ಧ ನನ್ನ ಹಿಮ್ಮಡಿ.

ಹೊಸೂರಿನ ಆಚೆಗಿರುವ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಹುಟ್ಟಿದೆ ಎನ್ನುವುದಕ್ಕಿಂತ ಕೂಡಿಕೊಂಡೆ ಎನ್ನುವುದು ಸರಿಯಾದೀತು. ಬಟ್ಟೆಯ ಮೈ ಒಂದು ಕಡೆಯಿಂದ ಬಂತು, ರಬ್ಬರಿನ ತಳ ಮತ್ತೊಂದು ಕಡೆಯಿಂದ, ನಡುವಿನ ಸ್ಪಂಜು ಇನ್ನೊಂದು ಕಡೆಯಿಂದ. ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸೊಬ್ಬಳು ನನ್ನ ಮೈ ಹೊಲಿದಳು. ಆಕೆಯ ಮುಖ ನಾನು ಕಾಣಲಿಲ್ಲ. ತೋರುಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡಿದ್ದದ್ದು ಮಾತ್ರ ನೆನಪಿದೆ. ಆಮೇಲೆ ಬಿಸಿ ಅಂಟು, ಒತ್ತುವ ಯಂತ್ರ, ತಣ್ಣನೆಯ ಗಾಳಿ. ಕೊನೆಯಲ್ಲಿ ಒಬ್ಬಾತ ನನ್ನ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ, ತಳವನ್ನು ಒಮ್ಮೆ ಬಗ್ಗಿಸಿ, ಓಟದ ಶೂಗಳ ಸಾಲಿಗೆ ತಳ್ಳಿದ.

ಹೌದು, ನನ್ನನ್ನು ಓಡುವುದಕ್ಕೆಂದು ಮಾಡಿದ್ದರು. ಹಿಮ್ಮಡಿ ದಪ್ಪ, ಅದರ ಅಂಚು ಹೊರಕ್ಕೆ ಚಾಚಿಕೊಂಡಿದೆ. ತಳದಲ್ಲಿ ಆಳವಾದ ಗೀರುಗಳಿವೆ. ರಸ್ತೆಯನ್ನು ಕಚ್ಚಿ ಹಿಡಿದು ಕಾಲನ್ನು ಮುಂದಕ್ಕೆ ತಳ್ಳುವುದು ನನಗೆ ಗೊತ್ತು. ಪಕ್ಕಕ್ಕೆ ಸರಿಯುವುದು, ನಿಂತಲ್ಲೇ ಸುತ್ತುವುದು, ಎತ್ತರದಿಂದ ಹಿಂದಕ್ಕೆ ಇಳಿಯುವುದು ಗೊತ್ತಿಲ್ಲ. ಇದನ್ನು ದೂರಿನ ಹಾಗೆ ಹೇಳುತ್ತಿಲ್ಲ. ಎಲ್ಲವೂ ಗೊತ್ತಿರುವ ಶೂವನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಡಬ್ಬಿಯೊಳಗೆ ಕೆಲವು ತಿಂಗಳು ಕಳೆದ ಮೇಲೆ ತುಮಕೂರಿನ ಒಂದು ಅಂಗಡಿಯಲ್ಲಿ ಬೆಳಕು ಕಂಡೆ. ಅಲ್ಲಿ ಮುಸ್ತಫಾ ಎಂಬ ಹಿರಿಯ ಕೆಲಸಗಾರನಿದ್ದ. ಮೂವತ್ತು ವರ್ಷ ಬರೀ ಕಾಲುಗಳನ್ನೇ ನೋಡಿದ ಮನುಷ್ಯ. ಗಿರಾಕಿ ಬಂದರೆ ಮೊದಲು ಕಾಲು ನೋಡಿ ಆಮೇಲೆ ಮುಖ ನೋಡುತ್ತಿದ್ದ. ಅವನು ನಂಬರು ಹೇಳಿದ ಮೇಲೆ ಅಳೆಯುವುದು ಬರೀ ಶಾಸ್ತ್ರಕ್ಕೆ.

ಒಂದು ಶುಕ್ರವಾರ ಬೆಳಿಗ್ಗೆ, ಅಂಗಡಿ ಬಾಗಿಲು ತೆರೆದು ಸ್ವಲ್ಪ ಹೊತ್ತಿಗೆಲ್ಲ, ಇಬ್ಬರು ಹೆಂಗಸರು ಬಂದರು. ಒಬ್ಬರು ಸುಧಾಮಣಿ, ವಯಸ್ಸು ನಲವತ್ತನಾಲ್ಕು. ಕಾಟನ್ ಸೀರೆ, ಕೈಯಲ್ಲಿ ಮಡಚಿದ ಬಟ್ಟೆಯ ಚೀಲ. ಇನ್ನೊಬ್ಬರು ಅವರ ಅತ್ತೆ ಪುಟ್ಟತಾಯಮ್ಮ. ಮಾರ್ಕೆಟ್ಟಿಗೆ ಹೂವಿಗೆಂದು ಹೊರಟಿದ್ದವರು ದಾರಿಯಲ್ಲಿ ಹೊಕ್ಕಿದ್ದರು.

"ಯಾತಕ್ಕಮ್ಮ ಶೂ? ವಾಕಿಂಗಾ, ರನ್ನಿಂಗಾ?" ಮುಸ್ತಫಾ ಕೇಳಿದ.

ಸುಧಾಮಣಿ ಅತ್ತೆಯ ಕಡೆ ನೋಡಿದರು. ಆಗ ನನಗೆ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಅವರು ಒಂದೂವರೆ ತಿಂಗಳಿಂದ ಎಸ್.ಎಸ್. ಪುರಂನ ಒಂದು ಮಹಿಳಾ ವ್ಯಾಯಾಮ ಕೇಂದ್ರಕ್ಕೆ ಹೋಗಿ ಬರಿಗಾಲಿನಲ್ಲೇ ಸ್ಟೆಪ್ ಏರೋಬಿಕ್ಸ್ ಕಲಿಯುತ್ತಿದ್ದರು. ಅಂದರೆ ಗೇಣೆತ್ತರದ ಹಲಗೆಯೊಂದನ್ನು ಮುಂದಿಟ್ಟುಕೊಂಡು, ಹಾಡಿನ ತಾಳಕ್ಕೆ ಅದನ್ನು ಹತ್ತುವುದು, ಇಳಿಯುವುದು, ಸುತ್ತುವುದು. ಇನ್ನು ಶೂ ಇಲ್ಲದೆ ಬರಬೇಡಿ ಎಂದು ಅಲ್ಲಿ ಹೇಳಿದ್ದರು. ಮನೆಯಲ್ಲಿ ಮಾತ್ರ 'ವ್ಯಾಯಾಮ' ಎಂದಷ್ಟೇ ಹೇಳಿದ್ದರು. ಅತ್ತೆ ಅದನ್ನು ಯೋಗ ಎಂದುಕೊಂಡಿದ್ದರು. ಹಾಗೆಯೇ ಇರಲಿ ಎಂದು ಸೊಸೆ ಬಿಟ್ಟಿದ್ದರು.

"ವಾಕಿಂಗಿಗೆ," ಎಂದರು ಸುಧಾಮಣಿ.

ಮುಸ್ತಫಾ ಕಾಲು ನೋಡಿದ. "ಆರು," ಎಂದು ಆರನೇ ನಂಬರಿನ ನನ್ನ ಜಾತಿಯದೇ ಜೊತೆಯೊಂದನ್ನು ತಂದ. ಸುಧಾಮಣಿ ತೊಟ್ಟು ಎದ್ದು ನಿಂತರು. ಹುಬ್ಬು ಗಂಟಾಯಿತು. "ಉಂಗುರ ಒತ್ತುತ್ತೆ," ಎಂದರು.

ಅವರ ಎರಡೂ ಕಾಲಿನ ಎರಡನೇ ಬೆರಳಿಗೆ ಬೆಳ್ಳಿಯ ಕಾಲುಂಗುರಗಳಿದ್ದವು. ದಪ್ಪನೆಯವು, ಮೂರು ಸುತ್ತಿನವು.

"ಒಂದ್ಸಲ ಉಂಗುರ ತೆಗೆದು ಹಾಕಿ ನೋಡಿ ಅಮ್ಮ. ಕಾಲು ಆರೇ," ಎಂದ ಮುಸ್ತಫಾ.

ಅಷ್ಟು ಹೊತ್ತು ಗೋಡೆಯ ಮೇಲಿನ ಚಪ್ಪಲಿಗಳನ್ನು ನೋಡುತ್ತಿದ್ದ ಪುಟ್ಟತಾಯಮ್ಮ ತಿರುಗಿದರು. "ಅಲ್ಲಯ್ಯ, ಮುತ್ತೈದೆ ಕಾಲಿಂದ ಉಂಗುರ ತೆಗಿ ಅಂತೀಯಲ್ಲ, ಅದೂ ಶುಕ್ರವಾರ. ಶೂ ನಿಂದು ಚಿಕ್ಕದು. ದೊಡ್ಡದು ಕೊಡು."

ಮುಸ್ತಫಾ ಆರನ್ನು ಪಕ್ಕಕ್ಕಿಟ್ಟ. ಒಳಗೆ ಹೋಗಿ ನನ್ನ ಡಬ್ಬಿ ತಂದ. ನನ್ನೊಳಗೆ ಉಂಗುರಕ್ಕೆ ಜಾಗವಿತ್ತು. ಹಿಂದೆ, ಹಿಮ್ಮಡಿಯ ಹತ್ತಿರ, ಒಂದು ಬೆರಳು ಹೋಗುವಷ್ಟು ಸಂದು ಉಳಿಯಿತು. ಅದನ್ನು ಮುಸ್ತಫಾ ನೋಡಿದ, ನಾನೂ ಅನುಭವಿಸಿದೆ. ಅವನು ಬಾಯಿ ತೆರೆದು, ಪುಟ್ಟತಾಯಮ್ಮನವರ ಮುಖ ನೋಡಿ, ಡಬ್ಬಿ ಕಟ್ಟಿದ.

ಮನೆಯಲ್ಲಿ ನನ್ನ ಜಾಗದ ಪ್ರಶ್ನೆ ಬಂತು. ಸುಧಾಮಣಿ ನನ್ನನ್ನು ಬೀದಿಯಲ್ಲಿ ಮೆಟ್ಟುವವರಲ್ಲ. ಕೇಂದ್ರದ ನಿಯಮವೇ ಹಾಗೆ. ಶೂವನ್ನು ಚೀಲದಲ್ಲಿ ತಂದು ಒಳಗೆ ಹೋಗಿ ತೊಡಬೇಕು, ಬೀದಿಯ ಮಣ್ಣು ಹಲಗೆಗೆ ತಾಗಬಾರದು. ಹಾಗಾಗಿ ನಾನು ಅಡಿಗೆಮನೆಯ ನೆಲಕ್ಕಿಂತ ಚೊಕ್ಕಟವಾಗಿದ್ದೆ. ಈ ಮಾತನ್ನು ಸುಧಾಮಣಿ ಅತ್ತೆಗೆ ಹೇಳಿ ನೋಡಿದರು.

"ಮೆಟ್ಟೋದು ಮೆಟ್ಟೋದೇ. ನೀನು ಅದನ್ನ ಹಾಲಲ್ಲಿ ತೊಳೆದ್ರೂ ಬಾಗಿಲ ಒಳಗೆ ಬರಕೂಡದು," ಎಂದರು ಪುಟ್ಟತಾಯಮ್ಮ.

ಹೊರಬಾಗಿಲ ಪಕ್ಕ, ಕರೆಂಟು ಮೀಟರಿನ ಕೆಳಗೆ, ಒಂದು ಮೊಳೆಗೆ ನನ್ನ ಚೀಲ ತೂಗಿತು. ಅಲ್ಲಿಂದ ನನಗೆ ಮನೆಯವರ ಕಾಲುಗಳು ಕಾಣುತ್ತಿದ್ದವು, ಮಾತು ಕೇಳುತ್ತಿತ್ತು. ಸುಧಾಮಣಿಯವರ ಗಂಡ ಕೆಂಪರಾಜು ನೀರು ಸರಬರಾಜು ಕಚೇರಿಯ ನೌಕರ. ಕಡಿಮೆ ಮಾತಿನವರು. ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಸಂಜೆ ಆರಕ್ಕೆ ಬರುತ್ತಿದ್ದರು. ಮಗಳು ಹಾಸ್ಟೆಲಿನಲ್ಲಿದ್ದಳು.

ಕೇಂದ್ರವಿದ್ದದ್ದು ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ. ಹಿಂದೆ ಅದು ಸಣ್ಣ ಸಮಾರಂಭಗಳ ಊಟದ ಹಾಲ್ ಆಗಿತ್ತಂತೆ. ಕೆಂಪು ಗಾರೆಯ ನೆಲ, ಎತ್ತರದ ಕಿಟಕಿಗಳು, ಮೂಲೆಯಲ್ಲಿ ಗಣಪತಿಯ ಪಟ. ಬೆಳಗಿನ ಏಳರ ಬ್ಯಾಚಿನಲ್ಲಿ ಹದಿನಾಲ್ಕು ಜನ, ಎಲ್ಲರೂ ನಲವತ್ತು ದಾಟಿದವರು. ಪಟದ ಎದುರು ಶೂ ತೊಡುವುದಕ್ಕೆ ಅಳುಕಿ ಗೋಡೆಯ ಕಡೆ ಮುಖ ಮಾಡಿ ಲೇಸು ಕಟ್ಟುತ್ತಿದ್ದರು. ಹೆಚ್ಚಿನವರ ಶೂಗಳು ನನ್ನ ಹಾಗೆಯೇ ಒಂದು ನಂಬರು ದೊಡ್ಡವು ಎಂಬುದನ್ನು ಮೊದಲ ದಿನವೇ ಗಮನಿಸಿದೆ. ಉಂಗುರಕ್ಕೆ ಜಾಗ ಬೇಕೆಂದು ಎಲ್ಲರೂ ಹಿಮ್ಮಡಿಯ ಹಿಡಿತವನ್ನು ಬಿಟ್ಟುಕೊಟ್ಟಿದ್ದರು. ಯಾರೂ ಯಾರಿಗೂ ಇದನ್ನು ಹೇಳಿಕೊಂಡಿರಲಿಲ್ಲ. ಕಾಲು ಜಾರಿದರೆ ವಯಸ್ಸನ್ನು ಬೈದುಕೊಳ್ಳುತ್ತಿದ್ದರು.

ಕಲಿಸುತ್ತಿದ್ದವಳು ಲವೀನಾ, ಮಂಗಳೂರಿನ ಕಡೆಯ ಹುಡುಗಿ. ಇಪ್ಪತ್ತೇಳು ವಯಸ್ಸು, ಹದ್ದಿನ ಕಣ್ಣು. ಆದರೆ ಅವಳು ನೋಡುತ್ತಿದ್ದದ್ದು ಮೊಣಕಾಲು, ಬೆನ್ನು, ಭುಜ. ಶೂ ಹಾಕಿಕೊಂಡಿದ್ದಾರೆಯೇ ಎಂದು ನೋಡುತ್ತಿದ್ದಳು, ಎಂಥ ಶೂ ಎಂದು ನೋಡಲಿಲ್ಲ. ಅವಳ ತಪ್ಪು ಅಷ್ಟೇ.

ಸುಧಾಮಣಿಗೆ ತಾಳ ಸಿದ್ಧಿಸಿತ್ತು. ಇದನ್ನು ನಾನು ಅವರ ಅಂಗಾಲಿನಿಂದ ತಿಳಿದೆ. ಹತ್ತುವ ಹೆಜ್ಜೆ, ಇಳಿಯುವ ಹೆಜ್ಜೆ, ಎಂಟರ ಎಣಿಕೆ ಮುಗಿದು ಮತ್ತೆ ಒಂದಕ್ಕೆ ಬರುವುದು, ಎಲ್ಲ ಅವರ ಕಾಲಿಗೆ ಹಾಡು ಶುರುವಾಗುವ ಮೊದಲೇ ಗೊತ್ತಿರುತ್ತಿತ್ತು. ಬೇರೆಯವರು ತಪ್ಪಿದಾಗ ಸುಧಾಮಣಿಯ ಕಾಲು ನೋಡಿ ಸರಿಮಾಡಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ನಿಂತರೂ ಜನ ಅವರನ್ನೇ ತಿರುಗಿ ನೋಡುತ್ತಿದ್ದರು.

ಅದೇ ಕಾರಣಕ್ಕೆ ಲವೀನಾ ಒಂದು ದಿನ, ಎಲ್ಲರೂ ಹೋದ ಮೇಲೆ, ಅವರನ್ನು ನಿಲ್ಲಿಸಿದಳು.

"ಆಂಟಿ, ನಾನು ಮುಂದಿನ ತಿಂಗಳು ಕೊನೆಗೆ ಊರಿಗೆ ಹೋಗ್ತೇನೆ. ಮದುವೆ. ಈ ಬ್ಯಾಚಿಗೆ ಕಲಿಸುವವರು ಸಿಗ್ಲಿಲ್ಲ ಅಂದ್ರೆ ಸೆಂಟರ್ ನಡೆಸುವ ಮೇಡಂ ಬ್ಯಾಚ್ ಮುಚ್ತಾರಂತೆ."

"ಮುಚ್ಚೋದಾ?"

"ನೀವು ತಗೊಳ್ಳಿ ಅಂತ ನಾನು ಹೇಳಿದ್ದೇನೆ. ಕೊನೇ ಶನಿವಾರ ಮೇಡಂ ಬಂದು ನೋಡ್ತಾರೆ. ನಲವತ್ತು ನಿಮಿಷ ನೀವು ಮುಂದೆ ನಿಂತು ಮಾಡಿಸ್ಬೇಕು. ಆಗ್ತದಾ?"

ನನ್ನೊಳಗೆ ಸುಧಾಮಣಿಯ ಹತ್ತೂ ಬೆರಳುಗಳು ಒಮ್ಮೆ ಒತ್ತಿ ಹಿಡಿದವು. ಬಿ.ಎ. ಓದಿದ್ದ ಆ ಹೆಂಗಸು ಇಪ್ಪತ್ತೆರಡು ವರ್ಷ ಮನೆಯಲ್ಲಿ ಕೊಟ್ಟದ್ದನ್ನು ಉಂಡು, ಕೊಟ್ಟದ್ದನ್ನು ಉಟ್ಟು, ಬೇಕು ಎಂಬ ಮಾತನ್ನು ಬೇರೆಯವರಿಗಾಗಿಯೇ ಆಡಿದವರು. ಅವರಿಗೆ ಈ ಕೆಲಸ ಬೇಕಾಗಿತ್ತು. ನನಗೆ ಅದು ಸ್ಪಷ್ಟವಾಗಿತ್ತು.

ಸ್ಪಷ್ಟವಾಗಿದ್ದ ಇನ್ನೊಂದು ಸಂಗತಿಯೆಂದರೆ ನಾನು ಅವರನ್ನು ಬೀಳಿಸಲಿದ್ದೇನೆ ಎಂಬುದು.

ಹತ್ತುವಾಗ ತೊಂದರೆಯಿಲ್ಲ. ಇಳಿಯುವಾಗ ಅವರ ಹಿಮ್ಮಡಿ ನನ್ನೊಳಗೆ ಮೇಲಕ್ಕೆ ಎದ್ದು ಜಾರುತ್ತಿತ್ತು. ಹೊರಕ್ಕೆ ಚಾಚಿದ ನನ್ನ ಅಂಚು ಹಲಗೆಯ ತುದಿಗೆ ಆಗಾಗ ತಾಗುತ್ತಿತ್ತು. ಸುತ್ತುವ ಹೆಜ್ಜೆ ಎಲ್ಲಕ್ಕಿಂತ ಕೆಟ್ಟದ್ದು. ನನ್ನ ತಳದ ಗೀರುಗಳು ಹಲಗೆಯ ಮೇಲಿನ ರಬ್ಬರನ್ನು ಕಚ್ಚಿ ಹಿಡಿಯುತ್ತಿದ್ದವು. ಅವರ ಮೊಣಕಾಲು ತಿರುಗಿದರೂ ನಾನು ತಿರುಗುತ್ತಿರಲಿಲ್ಲ. ಬಿಟ್ಟುಕೊಡಬೇಕೆಂದು ನನಗೆ ಅನ್ನಿಸಿದರೂ ರಬ್ಬರಿಗೆ ಅದು ಬರುವುದಿಲ್ಲ. ಹಿಡಿಯುವುದಕ್ಕೆಂದೇ ನನ್ನನ್ನು ಮಾಡಿದ್ದಾರೆ.

ಸುಧಾಮಣಿ ತಮ್ಮನ್ನೇ ಅನುಮಾನಿಸಿದರು. ಲೇಸನ್ನು ಬಿಗಿಯಾಗಿ ಎಳೆದು ಕಟ್ಟಿದರು. ಎರಡೆರಡು ಕಾಲುಚೀಲ ತೊಟ್ಟರು. ತುದಿಗೆ ಹತ್ತಿ ತುರುಕಿದರು. ಪ್ರತಿದಿನ ಎಣ್ಣೆ ಬಿಸಿಮಾಡಿ ಮೊಣಕಾಲಿಗೆ ಹಚ್ಚಿಕೊಂಡರು. ನನ್ನನ್ನು ಮಾತ್ರ ಅನುಮಾನಿಸಲಿಲ್ಲ. ಆ ನಂಬಿಕೆಯಿಂದ ನನಗೆ ಸಮಾಧಾನವಾಗಲಿಲ್ಲ.

ಕೊನೆಯ ಶನಿವಾರಕ್ಕೆ ಐದು ವಾರ ಇರುವಾಗ ಅದು ನಡೆಯಿತು. ಲವೀನಾ ಅವರನ್ನು ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದಳು. ಆರು, ಏಳು, ಎಂಟಕ್ಕೆ ತಿರುಗಬೇಕು. ಅವರು ತಿರುಗಿದರು. ಎಡಗಾಲಿನ ನಾನು ಹಲಗೆಯ ಮೇಲೆ ಉಳಿದೆ. ಪಾದ ನನ್ನೊಳಗೆ ಅಡ್ಡಕ್ಕೆ ಹೊರಳಿತು, ಹಿಮ್ಮಡಿ ಅರ್ಧ ಹೊರಬಂತು, ಆಮೇಲೆ ಎಲ್ಲವೂ ಕೆಂಪು ನೆಲ. ಹಾಡು ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಹಾಡುತ್ತಲೇ ಇತ್ತು. ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮೂಳೆ ಮುರಿದಿರಲಿಲ್ಲ. ಡಾಕ್ಟರು ಹತ್ತು ದಿನ ವಿಶ್ರಾಂತಿ ಎಂದರು. ಲವೀನಾ ಆಟೋದಲ್ಲಿ ಅವರನ್ನು ಮನೆಗೆ ಕರೆತಂದಳು. ಸುಧಾಮಣಿ ಕುಂಟುತ್ತಾ ಒಳಗೆ ಹೋದರು. ಲವೀನಾ ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದೆ ನಡೆದಳು. ಹೀಗೆ ನಾನು ಮೊದಲ ಸಲ ಆ ಬಾಗಿಲ ಒಳಗೆ ಹೋದೆ. ಯಾರೂ ತಡೆಯಲಿಲ್ಲ.

"ಯೋಗದಲ್ಲಿ ಹೆಂಗೆ ಬಿದ್ದೆ?" ಪುಟ್ಟತಾಯಮ್ಮ ಕೇಳಿದರು.

"ಯೋಗ ಅಲ್ಲ ಅತ್ತೆ. ಹಲಗೆ ಹತ್ತಿ ಇಳಿದು ಮಾಡೋದು. ಹಾಡಿಗೆ."

"ಕುಣಿಯೋದು ಅನ್ನು."

"ಹೂಂ. ಕುಣಿಯೋದು."

"ಈ ವಯಸ್ಸಿಗೆ ಕುಣಿದ್ರೆ ಇನ್ನೇನಾಗುತ್ತೆ," ಎಂದು ಹೇಳಿ ಪುಟ್ಟತಾಯಮ್ಮ ಸೊಸೆಯ ಕಾಲನ್ನು ಎತ್ತಿ ದಿಂಬಿನ ಮೇಲೆ ಇಟ್ಟರು. ಆ ಮಾತಿಗೂ ಆ ಕೈಗೂ ಸಂಬಂಧವಿರಲಿಲ್ಲ.

ಲವೀನಾ ಅಷ್ಟರಲ್ಲಿ ನನ್ನನ್ನು ತಿರುಗಿಸಿ ನೋಡುತ್ತಿದ್ದಳು. ತಳ ಬಗ್ಗಿಸಿದಳು. ಬಟ್ಟೆ ಹಿಂಡುವ ಹಾಗೆ ತಿರುಚಿದಳು. ಹಿಮ್ಮಡಿಯ ಚಾಚಿದ ಅಂಚಿನ ಮೇಲೆ ಬೆರಳಾಡಿಸಿದಳು. ಕಾರ್ಖಾನೆಯ ಆ ಮೇಜಿನ ನಂತರ ನನ್ನನ್ನು ಅಷ್ಟು ಸರಿಯಾಗಿ ಯಾರೂ ನೋಡಿರಲಿಲ್ಲ.

"ಎಂತ ಆಂಟಿ, ಇದು ಓಡುವವರ ಶೂ ಅಲ್ವಾ. ಪಕ್ಕದಲ್ಲಿ ಹಿಡಿತವೇ ಇಲ್ಲ. ಇದನ್ನು ಹಾಕ್ಕೊಂಡು ನೀವು ಟರ್ನ್ ಮಾಡ್ತಿದ್ರಾ?" ಎಂದಳು. ನಂಬರು ಓದಿದಳು. "ಏಳು ಯಾಕೆ? ನಿಮ್ಮ ಪಾದ ಆರು ಇರ್ಬೇಕು."

ಸುಧಾಮಣಿ ಕಾಲಿನ ಕಡೆ ಕೈ ತೋರಿಸಿದರು. ಪಾದ ಊದಿಕೊಂಡಿತ್ತು. ಎರಡನೇ ಬೆರಳು ನೇರಳೆಯಾಗಿ ಉಂಗುರದ ಎರಡೂ ಕಡೆ ಉಬ್ಬಿ ನಿಂತಿತ್ತು. ಬೆಳ್ಳಿ ಮಾಂಸದೊಳಗೆ ಮುಳುಗಿತ್ತು.

"ಇದನ್ನು ಈಗಲೇ ತೆಗೀಬೇಕು ಆಂಟಿ. ಇನ್ನೂ ಊದಿದ್ರೆ ಆಸ್ಪತ್ರೆಯಲ್ಲಿ ಕತ್ತರಿಸ್ಬೇಕಾಗ್ತದೆ."

ಸುಧಾಮಣಿ ಎಳೆದು ನೋಡಿದರು. ಬರಲಿಲ್ಲ. ಎಳೆಯುವ ಕೈಯಲ್ಲಿ ಮನಸ್ಸೂ ಇರಲಿಲ್ಲ. "ಸಂಜೆವರೆಗೆ ನೋಡೋಣ. ಊತ ಇಳಿಬಹುದು," ಎಂದರು. ಕಣ್ಣು ಅತ್ತೆಯ ಕಡೆ ಇತ್ತು.

ಪುಟ್ಟತಾಯಮ್ಮ ಎದ್ದು ಒಳಗೆ ಹೋದರು. ಕೊಬ್ಬರಿ ಎಣ್ಣೆಯ ಬಟ್ಟಲು, ಹೊಲಿಯುವ ದಾರದ ಉಂಡೆ ತಂದರು. ನೆಲದ ಮೇಲೆ, ಸೊಸೆಯ ಕಾಲಬುಡದಲ್ಲಿ, ಮಂಡಿ ನೋವಿಗೆ ನರಳುತ್ತಾ ಕೂತರು. ನಾನು ಅಲ್ಲೇ ಪಕ್ಕದಲ್ಲಿ ಬಿದ್ದಿದ್ದೆ. ಅವರ ಕಾಲುಬೆರಳುಗಳು ನನ್ನ ಕಣ್ಣೆದುರಿಗೇ ಇದ್ದವು. ಎರಡನೇ ಬೆರಳಿನ ಬುಡದಲ್ಲಿ ಚರ್ಮ ಒಳಕ್ಕೆ ಕುಸಿದು, ಬೆಳ್ಳಗೆ, ಒಂದು ಬಳೆಯ ಹಾಗೆ ಗುರುತು ಉಳಿದಿತ್ತು. ಅವರ ಯಜಮಾನರು ಹೋಗಿ ಆರು ವರ್ಷವಾಗಿತ್ತು.

"ಅತ್ತೆ, ನೀವು ಯಾಕೆ, ಬಿಡಿ."

"ಸುಮ್ನಿರು, ಕಾಲು ಅಲ್ಲಾಡಿಸಬೇಡ."

ಎಣ್ಣೆ ಹಚ್ಚಿದರು. ದಾರದ ತುದಿಯನ್ನು ಉಂಗುರದ ಕೆಳಗೆ ತೂರಿಸಿ, ಊದಿದ ಬೆರಳಿಗೆ ಉಗುರಿನ ತನಕ ಒತ್ತೊತ್ತಾಗಿ ಸುತ್ತಿದರು. ಆಮೇಲೆ ಕೆಳಗಿನ ತುದಿಯನ್ನು ಹಿಡಿದು ನಿಧಾನವಾಗಿ ಬಿಚ್ಚತೊಡಗಿದರು. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಒಂದೊಂದು ಎಳೆ ಮುಂದೆ ಬಂತು. ಸುಧಾಮಣಿ ಹಲ್ಲು ಕಚ್ಚಿದ್ದರು.

"ಅತ್ತೆ, ಏನೂ ಆಗಲ್ಲ ತಾನೆ," ಎಂದರು. ಕಾಲಿನ ಬಗ್ಗೆ ಕೇಳುತ್ತಿಲ್ಲ ಎಂದು ಅಲ್ಲಿದ್ದ ಮೂವರಿಗೂ ತಿಳಿದಿತ್ತು.

ಪುಟ್ಟತಾಯಮ್ಮ ದಾರ ಬಿಚ್ಚುವುದನ್ನು ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ. "ನಲವತ್ತೆರಡು ವರ್ಷ ನಾನು ಒಂದಿನಾನೂ ತೆಗೀಲಿಲ್ಲ. ಬಾಣಂತಿಯಾಗಿದ್ದಾಗ ಕಾಲು ಊದಿದ್ರೂ ತೆಗೀಲಿಲ್ಲ. ಅವರು ಉಳಿದ್ರಾ?"

ಉಂಗುರ ಉಗುರಿನ ಮೇಲಿಂದ ಜಾರಿ ಅವರ ಅಂಗೈಗೆ ಬಿತ್ತು. ಅದನ್ನು ಸೆರಗಿನಿಂದ ಒರೆಸಿದರು.

"ನಂದು ತೆಗೆದಾಗ ಯಾರೂ ಎಣ್ಣೆ ಹಚ್ಚಲಿಲ್ಲ," ಎಂದರು. ಅದನ್ನು ದೂರಿನ ಹಾಗೆ ಹೇಳಲಿಲ್ಲ. ದಾರ ಸುತ್ತಿಡುತ್ತಾ, ಸಾಮಾನಿನ ಲೆಕ್ಕ ಹೇಳುವವರ ಹಾಗೆ ಹೇಳಿದರು. ಆಮೇಲೆ ಇನ್ನೊಂದು ಕಾಲಿಗೂ ಎಣ್ಣೆ ಹಚ್ಚಿ, ಊದಿರದ ಆ ಬೆರಳಿನಿಂದಲೂ ಉಂಗುರ ತೆಗೆದರು. "ಒಂದರಲ್ಲಿ ಇದ್ದು ಒಂದರಲ್ಲಿ ಇಲ್ದಿದ್ರೆ ಚೆನ್ನಾಗಿರಲ್ಲ."

ಸಂಜೆ ಕೆಂಪರಾಜು ಬಂದು ಹೆಂಡತಿಯ ಬರಿಯ ಬೆರಳುಗಳನ್ನು ನೋಡಿದರು. ತಾಯಿಯ ಮುಖ ನೋಡಿದರು. "ನೋವಿದೆಯಾ?" ಎಂದು ಕೇಳಿದರು. "ಸ್ವಲ್ಪ," ಎಂದರು ಸುಧಾಮಣಿ. "ಕಾಫಿ ನಾನೇ ಮಾಡ್ತೀನಿ," ಎಂದು ಒಳಗೆ ಹೋದರು. ಆ ಮನೆಯಲ್ಲಿ ಈ ವಿಷಯದ ಚರ್ಚೆ ಅಲ್ಲಿಗೇ ಮುಗಿಯಿತು.

ಹನ್ನೆರಡನೇ ದಿನ ಸುಧಾಮಣಿ ಒಬ್ಬರೇ ಅದೇ ಅಂಗಡಿಗೆ ಹೋದರು. ಲವೀನಾ ಹೇಳಿದ್ದಳು, ದಿನವೆಲ್ಲ ನಿಂತು ಓಡಾಡಿ ಪಾದ ಸ್ವಲ್ಪ ಅಗಲವಾದ ಮೇಲೆ, ಸಂಜೆ ಹೋಗಿ ತಗೊಳ್ಳಿ ಎಂದು. ಚೀಲದಲ್ಲಿ ನನ್ನನ್ನೂ ಒಯ್ದರು. ಅಂಗಡಿಯಲ್ಲಿ ಐದಾರು ಜನ ಗಂಡಸರಿದ್ದರು.

"ಯಾತಕ್ಕಮ್ಮ?" ಮುಸ್ತಫಾ ಎಂದಿನಂತೆ ಕೇಳಿದ.

"ಸ್ಟೆಪ್ ಏರೋಬಿಕ್ಸಿಗೆ. ಹಲಗೆ ಮೇಲೆ ಹತ್ತಿ ಇಳಿದು ಕುಣಿಯೋದು. ಪಕ್ಕಕ್ಕೆ ಹೋಗ್ತೀವಿ, ಹಿಂದಕ್ಕೆ ಇಳೀತೀವಿ, ಸುತ್ತುತೀವಿ. ಅದಕ್ಕೆ ಆಗೋ ಶೂ ಬೇಕು."

ಒಬ್ಬಿಬ್ಬರು ತಿರುಗಿ ನೋಡಿದರು. ಸುಧಾಮಣಿಯ ಕಿವಿ ಕೆಂಪಾಯಿತು, ಆದರೆ ಧ್ವನಿ ಇಳಿಯಲಿಲ್ಲ.

ಮುಸ್ತಫಾ ನನ್ನನ್ನು ಚೀಲದಿಂದ ತೆಗೆದು ನೋಡಿದ. "ಅವತ್ತು ವಾಕಿಂಗ್ ಅಂದ್ರಿ."

"ಹೌದು. ಸುಳ್ಳು ಹೇಳಿದೆ."

"ಡಾಕ್ಟ್ರ ಹತ್ರ, ಶೂ ಅಂಗಡಿಯವನ ಹತ್ರ ಸುಳ್ಳು ಹೇಳ್ಬಾರ್ದಮ್ಮ. ಇಬ್ಬರೂ ನಿಮ್ಮ ಮಾತು ನಂಬಿಬಿಡ್ತೀವಿ," ಎಂದು ನಕ್ಕ.

ಅವನು ತಂದ ಜೊತೆ ನೋಡಲು ಸಾಧಾರಣವಾಗಿತ್ತು. ಕಪ್ಪು ಬಣ್ಣ, ಗೆರೆ ಇಲ್ಲ, ಅಂದ ಇಲ್ಲ. ಮುಂಭಾಗದ ಅಡಿಯಲ್ಲಿ ಮೆತ್ತೆ, ಏಕೆಂದರೆ ಹಲಗೆಯ ಕೆಲಸದಲ್ಲಿ ಭಾರ ಬೀಳುವುದು ಅಲ್ಲಿ. ಹಿಮ್ಮಡಿ ತಗ್ಗು, ಅಂಚು ನೇರ. ಪಕ್ಕಗಳಲ್ಲಿ ಗಟ್ಟಿಯಾದ ಪಟ್ಟಿ. ತಳದ ಗೀರು ತೆಳು, ಜಾರದಷ್ಟು ಹಿಡಿತ, ಸುತ್ತುವಷ್ಟು ಸಡಿಲ. ಮುಸ್ತಫಾ ಅದನ್ನು ಕೈಯಲ್ಲಿ ಬಗ್ಗಿಸಿದ. ಬೆರಳುಗಳ ಬುಡ ಬರುವಲ್ಲಿ ಬಗ್ಗಿತು, ನಡುವೆ ಬಗ್ಗಲಿಲ್ಲ. ತಿರುಚಿದ, ತಿರುಚಿಕೊಳ್ಳಲಿಲ್ಲ. ನಂಬರ್ ಆರು, ಒತ್ತಲು ಬೆರಳಲ್ಲಿ ಈಗ ಉಂಗುರವಿರಲಿಲ್ಲ. ಸುಧಾಮಣಿ ತಾವು ಕ್ಲಾಸಿಗೆ ತೊಡುವ ಕಾಲುಚೀಲವನ್ನೇ ತೊಟ್ಟು ಅದನ್ನು ಹಾಕಿಕೊಂಡರು. ಅಂಗಡಿಯ ಬಾಗಿಲ ಮೆಟ್ಟಿಲನ್ನು ಒಮ್ಮೆ ಹತ್ತಿದರು, ಹಿಂದಕ್ಕೆ ಇಳಿದರು. ಮತ್ತೆ ಹತ್ತಿದರು, ಪಕ್ಕಕ್ಕೆ ಇಳಿದರು. ಅಂಗಡಿಯ ನೆಲದಿಂದ ನಾನು ನೋಡುತ್ತಿದ್ದೆ. ಹಿಮ್ಮಡಿ ಏಳಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತೇ ಎಂದು ಯಾರಾದರೂ ಕೇಳಬಹುದು. ಈ ಬಗ್ಗೆ ನಾನು ಯೋಚಿಸಿದ್ದೇನೆ. ಆದದ್ದು ಹೊಟ್ಟೆಕಿಚ್ಚಲ್ಲ. ಎರಡು ತಿಂಗಳು ಪ್ರತಿ ಹೆಜ್ಜೆಗೂ ಈಗ ಬಿದ್ದಾರು, ಈಗ ಬಿದ್ದಾರು ಎಂದು ಕಾಯುತ್ತಿದ್ದೆ. ಆ ಕಾಯುವಿಕೆ ನಿಂತಿತು.

ಕೊನೆಯ ಶನಿವಾರ ನಾನು ಮೀಟರಿನ ಕೆಳಗಿನ ಮೊಳೆಯಲ್ಲಿದ್ದೆ. ಅವರು ಆರೂವರೆಗೆ ಹೊರಟರು. ಹೊರಡುವ ಮೊದಲು ಉಂಗುರಗಳನ್ನು ತೆಗೆದು ಅತ್ತೆಯ ಕೈಗೆ ಕೊಟ್ಟರು. ಕ್ಲಾಸಿನಿಂದ ಬಂದ ಮೇಲೆ ಮತ್ತೆ ತೊಡುವುದು ಎಂದು ಅವರಿಬ್ಬರ ನಡುವೆ ಆಗಲೇ ರೂಢಿಯಾಗಿತ್ತು. ಗಾಯವಾದ ಪಾದ ಇನ್ನೂ ಪೂರ್ತಿ ಗುಣವಾಗಿರಲಿಲ್ಲ. ಮೆಟ್ಟಿಲಿಳಿಯುವಾಗ ಎಡಗಾಲನ್ನು ಒಂದಿಷ್ಟು ಎಚ್ಚರದಿಂದ ಇಟ್ಟದ್ದನ್ನು ನಾನು ಕೇಳಿಸಿಕೊಂಡೆ.

ಎಂಟೂವರೆಯಾದರೂ ಬರಲಿಲ್ಲ. ಪುಟ್ಟತಾಯಮ್ಮ ಮೂರು ಸಲ ಬಾಗಿಲಿಗೆ ಬಂದು ಹೋದರು. ಮೂರನೆಯ ಸಲ ನನ್ನ ಚೀಲದ ಮೇಲೆ ಕೈ ಇಟ್ಟು ರಸ್ತೆ ನೋಡುತ್ತಾ ನಿಂತರು. ಒಂಬತ್ತಕ್ಕೆ ಸುಧಾಮಣಿಯ ಹೆಜ್ಜೆ ಕೇಳಿತು.

"ಏನಾಯ್ತೆ?"

"ನಡುವೆ ಒಂದು ಕಡೆ ಎಣಿಕೆ ತಪ್ಪಿದೆ."

"ಬಿದ್ಯಾ?"

"ಇಲ್ಲ."

"ಮತ್ತೆ?"

"ತಪ್ಪಿದ ಕೂಡಲೆ ಎಲ್ಲರನ್ನೂ ನಿಂತಲ್ಲೇ ನಡೆಸಿದೆ, ಎಂಟು ಎಣಿಸೋವರೆಗೆ. ಆಮೇಲೆ ಒಂದರಿಂದ ಹಿಡಿದೆ. ಮೇಡಂ ಅದನ್ನೇ ಬರ್ಕೊಂಡ್ರು." ಸುಧಾಮಣಿ ಉಸಿರು ಬಿಟ್ಟರು. "ಸೋಮವಾರದಿಂದ ನಾನೇ."

ಪುಟ್ಟತಾಯಮ್ಮ ನನ್ನ ಚೀಲದ ಮೇಲಿಂದ ಕೈ ತೆಗೆದರು. "ತಿಂಡಿ ಆರಿಹೋಯ್ತು, ಬಾ," ಎಂದರು.

ನನಗೆ ಮುಂದೆ ಏನು ಕೆಲಸ ಎಂದು ಯಾರೂ ಯೋಚಿಸಿರಲಿಲ್ಲ. ಎರಡು ತಿಂಗಳು ಮೊಳೆಯಲ್ಲಿ ತೂಗಿದ ಮೇಲೆ ಸುಧಾಮಣಿ ನನ್ನನ್ನು ಹನುಮಕ್ಕನಿಗೆ ಕೊಟ್ಟರು. ಹನುಮಕ್ಕ ಕೇಂದ್ರವನ್ನು ಗುಡಿಸಿ ಒರೆಸುವವಳು. ಶಿರಾಗೇಟಿನ ಆಚೆಯಿಂದ ದಿನಾ ನಡೆದು ಬರುತ್ತಿದ್ದಳು.

"ಇದು ಓಡೋಕೆ, ನಡೆಯೋಕೆ ಒಳ್ಳೇದು ಹನುಮಕ್ಕ. ನಿನ್ನ ಕಾಲು ಏಳೇ ಇರೋ ಹಂಗಿದೆ. ಹಾಕಿ ನೋಡು, ಒತ್ತಿದ್ರೆ ಬೇಡ."

ಹನುಮಕ್ಕ ಹಾಕಿ ನಾಲ್ಕು ಹೆಜ್ಜೆ ನಡೆದಳು. "ಮೆತ್ತಗೈತೆ ಕಣಕ್ಕ. ಬೆಳ್ಳಿ ಒಂಚೂರು ಒತ್ತುತೈತೆ," ಎಂದಳು. ಅವಳು ಮುಸ್ತಫಾನನ್ನೂ ಕೇಳಲಿಲ್ಲ, ಡಾಕ್ಟರನ್ನೂ ಕೇಳಲಿಲ್ಲ. ಒಂದು ಬ್ಲೇಡು ತಂದು, ಉಂಗುರ ಬರುವ ಜಾಗದಲ್ಲಿ ಎರಡೂ ಕಡೆ ನನ್ನ ಬಟ್ಟೆಯನ್ನು ರೂಪಾಯಿಯಗಲ ಕತ್ತರಿಸಿದಳು. ಬೆಳ್ಳಿ ಹೊರಗೆ ಇಣುಕಿತು. ನೋವಿನ ಮಾತು ಬಿಡಿ. ಇಷ್ಟು ಸುಲಭವಿತ್ತೇ ಎಂದು ನನಗೆ ಆಶ್ಚರ್ಯವಾಯಿತು.

ಅವಳ ಜೊತೆ ನಾನು ಎರಡು ವರ್ಷ ರಸ್ತೆ ಕಂಡೆ. ಬೆಳಗಿನ ಡಾಂಬರು, ಹಾಲಿನ ಗಾಡಿ ಹೋದ ಒದ್ದೆ ಗುರುತು, ಅಗೆದು ಮುಚ್ಚಿದ ಜಲ್ಲಿ, ಹೆದ್ದಾರಿಯ ಪಕ್ಕದ ಕೆಮ್ಮಣ್ಣು. ಹೆಜ್ಜೆಗಳೆಲ್ಲ ಮುಂದಕ್ಕೇ. ನನ್ನ ಗೀರುಗಳು ಹಿಡಿಯಬೇಕಾದ್ದನ್ನು ಹಿಡಿದವು, ಬಿಡಬೇಕಾದ್ದನ್ನು ಬಿಟ್ಟವು. ಹನುಮಕ್ಕ ಒಂದು ಸಲವೂ ಎಡವಲಿಲ್ಲ. ನಾನು ಕೆಲಸಕ್ಕೆ ಬಾರದ ಶೂ ಅಲ್ಲ ಎಂದು ಆಗ ನನಗೆ ಖಾತ್ರಿಯಾಯಿತು. ಅಲ್ಲಿಯವರೆಗೆ ಅನುಮಾನವಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಎಡಗಾಲಿನ ತಳ ಬಾಯಿ ಬಿಟ್ಟ ಮೇಲೆ ಹನುಮಕ್ಕ ನನ್ನನ್ನು ಕೇಂದ್ರದ ಪೊರಕೆ ಕೋಣೆಯಲ್ಲಿ ಬಿಟ್ಟಳು. ಫಿನಾಯಿಲಿನ ಡಬ್ಬಿ, ಹಳೆಯ ಹಲಗೆಗಳು, ಒಡೆದ ಬಕೆಟ್ಟಿನ ನಡುವೆ ನನಗೊಂದು ಕಪಾಟಿನ ಅಂಚು ಸಿಕ್ಕಿತು. ಗೋಡೆಯ ಆಚೆ ತರಗತಿ ನಡೆಯುತ್ತದೆ. ದಿನಾ ಏಳಕ್ಕೆ ಸುಧಾಮಣಿಯ ಧ್ವನಿ ಕೇಳುತ್ತದೆ. ಈಗ ಆ ಬ್ಯಾಚಿನಲ್ಲಿ ಇಪ್ಪತ್ತಾರು ಜನ.

ಹೊಸದಾಗಿ ಸೇರುವವರು ಬಂದ ದಿನ ನನಗೆ ಕೆಲಸವಿರುತ್ತದೆ. ಹನುಮಕ್ಕ ಬಂದು ನನ್ನ ಧೂಳು ಕೊಡವಿ ಒಳಗೆ ಒಯ್ಯುತ್ತಾಳೆ. ಹೆಂಗಸರು ನೆಲದ ಮೇಲೆ ಸುತ್ತ ಕೂತಿರುತ್ತಾರೆ. ಸುಧಾಮಣಿ ನನ್ನನ್ನು ಕೈಗೆತ್ತಿಕೊಳ್ಳುತ್ತಾರೆ.

"ಇದನ್ನ ನೋಡಿ. ಇಂಥದ್ದು ಇಲ್ಲಿಗೆ ಬೇಡ," ಎನ್ನುತ್ತಾರೆ. ಬಗ್ಗಿಸುತ್ತಾರೆ, ತಿರುಚುತ್ತಾರೆ, ಹಿಮ್ಮಡಿಯ ಅಂಚನ್ನು ಹಲಗೆಯ ತುದಿಗೆ ತಾಗಿಸಿ ತೋರಿಸುತ್ತಾರೆ. "ಅಂಗಡೀಲಿ ಯಾತಕ್ಕೆ ಅಂತ ಬಾಯ್ಬಿಟ್ಟು ಹೇಳಿ. ಹಾಕ್ಕೊಂಡು ಒಂದು ಮೆಟ್ಟಿಲು ಹತ್ತಿ ಇಳಿದು ನೋಡಿ. ಉಂಗುರ ತೆಗೆಯೋದೋ ಬಿಡೋದೋ ನಿಮ್ಮ ಇಷ್ಟ, ಆದ್ರೆ ಉಂಗುರಕ್ಕೆ ಅಂತ ದೊಡ್ಡ ನಂಬರು ತಗೋಬೇಡಿ."

ನಾನು ಕೈಯಿಂದ ಕೈಗೆ ದಾಟುತ್ತೇನೆ. ಪ್ರತಿಯೊಬ್ಬರೂ ನನ್ನನ್ನು ಹಿಂಡಿ ನೋಡುತ್ತಾರೆ. ಒಂದು ದಿನ ಒಬ್ಬ ಹೊಸ ಹೆಂಗಸು ನನ್ನ ತೂತಿನೊಳಗೆ ಬೆರಳು ತೂರಿಸಿ, "ಅಯ್ಯೋ, ಎಂಥಾ ದರಿದ್ರ ಶೂ ಇದು," ಎಂದು ನಕ್ಕಳು. ಎಲ್ಲರೂ ನಕ್ಕರು. ಸುಧಾಮಣಿ ನಗಲಿಲ್ಲ.

"ದರಿದ್ರ ಅಲ್ಲಮ್ಮ. ಇದನ್ನ ಹಾಕ್ಕೊಂಡು ಹನುಮಕ್ಕ ಎರಡು ವರ್ಷ ಶಿರಾಗೇಟಿಂದ ನಡೆದಿದ್ದಾಳೆ. ಶೂ ಸರಿಯಾಗೇ ಇತ್ತು. ನಾನು ತಪ್ಪು ಕಡೆಗೆ ತಂದಿದ್ದೆ."

ಅಷ್ಟು ಹೇಳಿ ನನ್ನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಅವತ್ತು ಪೊರಕೆ ಕೋಣೆಗೆ ಕಳಿಸಲು ಮರೆತರು. ಹಾಗಾಗಿ ಇಡೀ ತರಗತಿಯನ್ನು ನಾನು ಮೊದಲ ಸಲ ಎತ್ತರದಿಂದ ನೋಡಿದೆ. ಅಲ್ಲಿಯವರೆಗೆ ಅವರು ಕುಣಿಯುವುದನ್ನು ಕಂಡಿದ್ದರೆ ಕೆಳಗಿನಿಂದಲೇ. ಹಾಡು ಶುರುವಾಯಿತು. ಸುಧಾಮಣಿ ಎಲ್ಲರಿಗಿಂತ ಮುಂದೆ, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. ಕೂದಲಲ್ಲಿ ಬಿಳಿ ಹೆಚ್ಚಾಗಿತ್ತು. ಐದು, ಆರು, ಏಳು ಎಂದು ಎಣಿಸಿದರು. ಎಂಟಕ್ಕೆ ಇಪ್ಪತ್ತೇಳು ಹೆಂಗಸರು ಒಟ್ಟಿಗೆ ತಿರುಗಿದರು, ಅವರ ಜೊತೆ ಅವರ ಶೂಗಳೂ ತಿರುಗಿದವು.